ಮೇಲಿನ ಅಡುಗೆಮನೆಯ ಗಾಳಿ

ಚಕ್ರದಿಂದ ಚಿಮ್ಮುವ ನೀರು ಇವತ್ತು ಯಾಕೋ ಹೆಚ್ಚು ಬೆಳ್ಳಗಿದೆ, ಲೆನ್ಸಿನ ಅಂಚು ತೇಯ್ದ ಪುಡಿಯೆಲ್ಲ ಅದಕ್ಕೆ ಬೆರೆತು ಸುಣ್ಣದ ತಿಳಿಯ ಹಾಗೆ ಉಗುರಿನ ಸಂದಿಗೆ ಇಳಿಯುತ್ತಿದೆ, ಬೆರಳ ತುದಿ ಮರಗಟ್ಟಿದೆ, ಆದರೂ ಕೈ ತೆಗೆಯಲು ಮನಸ್ಸಿಲ್ಲ, ಈ ಕಿರಕಿರ ಇರುವಷ್ಟು ಹೊತ್ತು ನನ್ನನ್ನು ಯಾರೂ ಮಾತಾಡಿಸುವುದಿಲ್ಲ, ಕನ್ನಡಕದ ಅಂಗಡಿಯ ಹಿಂದುಗಡೆ ಪರದೆಯಾಚೆಗಿನ ಈ ಗೂಡಿನಲ್ಲಿ ನನಗೆಂದು ಒಂದು ಚಕ್ರ ಇದೆ, ಒಂದು ದೀಪ ಇದೆ, ಒಂದು ಸ್ಟೂಲು ಇದೆ, ಮನೆಯಲ್ಲಿ ಅಷ್ಟೂ ಇಲ್ಲ — ಮನೆ ಅಂದರೆ ಎರಡು ಕೋಣೆ, ಒಂದರಲ್ಲಿ ಭಾವ ಮತ್ತು ಅಕ್ಕ, ಇನ್ನೊಂದರಲ್ಲಿ ನಾನು ಮತ್ತು ಇವರು, ನಡುವೆ ಒಂದೇ ಅಡುಗೆಮನೆ, ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಇವರ ಅಣ್ಣನ ಹೆಂಡತಿ, ನನ್ನ ವಾರಗಿತ್ತಿ, ಆದರೆ ಆ ಮಾತು ನಮ್ಮಿಬ್ಬರ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ, ಮದುವೆಯಾದ ಹೊಸತರಲ್ಲಿ ನೀವು ನೀವು ಅನ್ನುತ್ತಿದ್ದೆ, ಅವಳೇ ಒಂದು ದಿನ ಸೌಟು ಎತ್ತಿ ಹೆದರಿಸಿದಳು, ಇನ್ನೊಂದ್ಸಲ ನೀವು ಅಂದ್ರೆ ನೋಡು, ಬಹುವಚನ ಹಚ್ಚಿ ಮುದುಕಿ ಮಾಡ್ತೀಯಾ ನನ್ನ, ಅವತ್ತಿನಿಂದ ಅಕ್ಕಾ ನೀನು ಕೂತ್ಕೋ, ಅಕ್ಕಾ ನೀನು ಉಪ್ಪು ನೋಡು, ಎದುರು ಮನೆಯವರು ನಮ್ಮನ್ನು ನಿಜವಾದ ಅಕ್ಕತಂಗಿಯರೇ ಅಂದುಕೊಂಡಿದ್ದರು, ನಾವೂ ಸರಿಪಡಿಸಲು ಹೋಗಲಿಲ್ಲ. ಬಾಡಿಗೆ ಮತ್ತೆ ಏರಿತು, ಮನೆ ಮಾಲೀಕ ಮೆಟ್ಟಿಲ ಮೇಲೆ ಸಿಕ್ಕಿ ನಕ್ಕನೆಂದರೆ ಏರಿಸುತ್ತಾನೆಂದೇ ಅರ್ಥ, ಈ ಸಲ ಅವನು ಮಕ್ಕಳಿಲ್ಲದ ನಮ್ಮನ್ನು ಮಕ್ಕಳು ಚೆನ್ನಾಗಿದಾರಾ ಎಂದೂ ಕೇಳಿದ, ಅಷ್ಟು ಪ್ರೀತಿ, ಭಾವ ನಿವೃತ್ತರಾದ ಹೊಸತು, ಊಟಕ್ಕೆ ಕೂತಾಗಲೆಲ್ಲ ಅದೇ ರಾಗ, ದುಡಿದದ್ದೆಲ್ಲ ಗೋಡೆಗೆ ಕೊಡ್ತಾ ಇದ್ದೀವಿ ಕಣಮ್ಮಾ, ಆ ಗೋಡೆಯಾದ್ರೂ ನಮ್ಮದಾ ಅಂದ್ರೆ ಅದೂ ಅಲ್ಲ, ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ಸಿಗುವ ಒಂದು ಸಣ್ಣ ಊರಿದೆಯಂತೆ, ಇಲ್ಲಿನ ಈ ಎರಡು ಗೂಡಿನ ಬಾಡಿಗೆಗೆ ಅಲ್ಲಿ ಮಹಡಿ ಮನೆಯೇ ಸಿಗುತ್ತದಂತೆ, ಇವರದು ಲೆಕ್ಕಪತ್ರದ ಕೆಲಸ, ಕಂಪ್ಯೂಟರ್ ಇದ್ದ ಕಡೆ ಆಗುತ್ತದೆ, ಆಗದೇ ಇರುವುದು ನನ್ನದೊಂದೇ, ಆ ಊರಿನಲ್ಲಿ ಕನ್ನಡಕ ಬೇಕಾದವರು ಔಷಧಿ ಅಂಗಡಿಯಲ್ಲಿ ತೂಗುಹಾಕಿದ ಸಿದ್ಧ ಕನ್ನಡಕ ಹಾಕಿ ನೋಡಿ ಕಂಡಷ್ಟು ಕಂಡಿತೆಂದು ತೆಗೆದುಕೊಂಡು ಹೋಗುತ್ತಾರಂತೆ, ಅಲ್ಲಿ ನಾನು ಏನು ತೇಯಲಿ.

ಆದರೆ ನನಗೆ ಹೆದರಿಕೆ ಇರಲಿಲ್ಲ, ಅಕ್ಕ ಇದ್ದಳಲ್ಲ, ಅಂಗಡಿಯ ಯಜಮಾನರು ಹೋದ ತಿಂಗಳು ಪರದೆ ಸರಿಸಿ, ಊರು ಬಿಡ್ತೀರಂತೆ, ಹೌದೇನಮ್ಮಾ ಎಂದು ಕೇಳಿದಾಗಲೂ ನಕ್ಕುಬಿಟ್ಟಿದ್ದೆ, ಗಂಡಸರು ಹೇಳ್ತಾರೆ ಸಾರ್, ನಾನೂ ಅಕ್ಕನೂ ಇದ್ದೀವಲ್ಲ, ಬಿಡಿ — ಅಕ್ಕನೂ ನಾನೂ ಈಜುಕೊಳದಲ್ಲಿ ಆಡಿಕೊಂಡಿದ್ದ ಮಾತಿನ ಧೈರ್ಯ ಅದು, ಭಾನುವಾರ ಬೆಳಿಗ್ಗೆ ಕೊಳ ಹೆಂಗಸರಿಗೆ ಮೀಸಲು, ಅಲ್ಲಿ ಕಲಿಸುವಾಕೆಗೆ ನಾವಿಟ್ಟ ಹೆಸರು ಸೀಟಿ, ಬಾಯಿಂದ ಮಾತು ಬಂದದ್ದನ್ನು ಯಾರೂ ಕೇಳಿಲ್ಲ, ಬರೀ ಸೀಟಿ, ರಬ್ಬರ್ ಟೋಪಿ ಹಾಕಿಕೊಂಡರೆ ಅಕ್ಕನ ತಲೆ ಬಲ್ಬಿನ ಹಾಗೆ, ನಿನ್ನದೇನು ಕಡಿಮೆಯಾ, ಫ್ಯೂಸ್ ಹೋದ ಬಲ್ಬು ಅಂದಳು ನನಗೆ, ಆಳದ ಕಡೆ ಅಂಚು ಹಿಡಿದುಕೊಂಡು ಇಬ್ಬರೂ ಕಾಲು ಬಡಿಯುತ್ತಿದ್ದೆವು, ಆ ಊರಲ್ಲಿ ಈಜ್ಬೇಕಂದ್ರೆ ಬಾವಿಗೆ ಬೀಳ್ಬೇಕಷ್ಟೆ, ನಾನಂತೂ ಒಲ್ಲೆ ಎಂದಳು ಅವಳು, ಹಾಗಾದ್ರೆ ಇಬ್ಬರೂ ಒಟ್ಟಿಗೆ ಬೇಡ ಅನ್ನೋಣ ಅಕ್ಕಾ, ಒಬ್ಬೊಬ್ಬರೇ ಅಂದ್ರೆ ನಮ್ಮನ್ನ ಒಪ್ಪಿಸಿಬಿಡ್ತಾರೆ ಅಂದೆ, ಹೂಂ, ನಾನು ದೊಡ್ಡವಳು, ನಾನೇ ಮೊದಲು ಹೇಳ್ತೀನಿ, ಹಿಂದೆ ನೀನು ಹೇಳು, ಆಮೇಲೆ ಮುಖಕ್ಕೆ ನೀರು ಎರಚಿದಳು, ಸೀಟಿ ಊದಿತು, ಇಷ್ಟೇ ಆದದ್ದು, ಆಣೆಯಿಲ್ಲ ಭಾಷೆಯಿಲ್ಲ, ಅಕ್ಕನ ಹತ್ತಿರ ಆಣೆ ಹಾಕಿಸಿಕೊಳ್ಳುವುದೇ ಅಂತ — ಅದರ ಮುಂದಿನ ಭಾನುವಾರ ನಾನೊಬ್ಬಳೇ ಈಜಲು ಹೋದೆ, ಅಕ್ಕ ತನ್ನ ತಂಗಿಗೆ ಮೈ ಸರಿಯಿಲ್ಲವೆಂದು ಬೆಳಗ್ಗೆಯೇ ಹೊರಟಳು, ಭಾವ ಜೊತೆಗೆ ಹೋದರು, ಇವರು ಗೆಳೆಯನ ಕಂಪ್ಯೂಟರ್ ಕೆಟ್ಟಿದೆಯೆಂದು ಹೋದರು, ನಾನು ನಾಲ್ಕು ಜನಕ್ಕೂ ಅಡುಗೆ ಮಾಡಿ ಮುಚ್ಚಿಟ್ಟು ಕಾದೆ, ರಾತ್ರಿ ಅಕ್ಕ ಬಂದ ಕೂಡಲೇ ತಂಗಿ ಹೇಗಿದ್ದಾಳೆ ಅಂದೆ, ಪರವಾಗಿಲ್ಲ ಕಣೇ, ಈಗ ಎದ್ದು ಓಡಾಡ್ತಾಳೆ, ಎಷ್ಟು ಸಲೀಸಾಗಿ ಓಡಾಡಿಸಿದಳು ತಂಗಿಯನ್ನು, ಸದ್ಯ ಎಂದು ನಾನು ನಿಟ್ಟುಸಿರು ಬಿಟ್ಟೆ, ನಿಜವಾಗಿಯೂ ಬಿಟ್ಟೆ, ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ನಿನ್ನೆ ಸಂಜೆ ಭಾವ ಮೊಬೈಲಿನಲ್ಲಿ ಆ ಮನೆಯ ಫೋಟೋ ತೆಗೆದು ಮೇಜಿನ ನಡುವೆ ಇಟ್ಟರು, ಈಗ ಒಂದು ತೀರ್ಮಾನ ಆಗ್ಬೇಕು, ಮನೆಯವನು ಕಾಯ್ತಾ ಇದ್ದಾನೆ, ನೀವಿಬ್ಬರೂ ಏನಂತೀರಿ, ನಾನು ಅಕ್ಕನ ಮುಖ ನೋಡಿದೆ, ಅವಳು ಮೊದಲು ಹೇಳಬೇಕಲ್ಲ, ಅವಳು ಕೈ ಚಾಚಿದಳು, ಲೋಟ ಉರುಳಿತು, ನೀರು ಮೇಜಿನ ಮೇಲೆ ಹರಡಿತು, ಒರೆಸಲು ನಾನು ಬಟ್ಟೆಗೆಂದು ಏಳಹೋದೆ, ಅವಳು ನೀರನ್ನೇ ನೋಡುತ್ತ ಅಂದಳು, ನನ್ನದೇನೂ ಅಡ್ಡಿ ಇಲ್ಲಪ್ಪ, ಇವಳಿಗೇ ಕೆಲಸ ಬಿಡೋಕೆ ಮನಸ್ಸಿಲ್ಲ, ಅದನ್ನ ಗಂಡ ಹೆಂಡತಿ ಮಾತಾಡ್ಕೊಳ್ಳಿ, ತಮಾಷೆಯೆಂದುಕೊಂಡೆ, ಮೇಜಿನ ಕೆಳಗೆ ಅವಳ ಕಾಲನ್ನು ಮೆಲ್ಲಗೆ ಒದ್ದೆ, ಕಾಲು ಹಿಂದಕ್ಕೆ ಸರಿಯಿತು, ಆಮೇಲೆ ಅವಳ ತೋರುಬೆರಳು ಚೆಲ್ಲಿದ ನೀರಿಗೆ ಇಳಿದು ಮನೆ ಬರೆಯತೊಡಗಿತು, ಇದು ಕೆಳಗೆ, ಇಲ್ಲಿ ಮೆಟ್ಟಿಲು, ಇದು ಮೇಲೆ, ಕೆಳಗೆ ನನ್ನ ಅಡುಗೆಮನೆ, ಮೇಲೆ ಇವಳಿಗೇ ಬೇರೆ ಅಡುಗೆಮನೆ, ಎರಡರ ಮಧ್ಯೆ ಒಂದು ಒದ್ದೆ ಗೆರೆ, ಮೇಲಿನದೇ ಚೆನ್ನಾಗಿರೋದು ಕಣೇ, ಕಿಟಕಿ ತೆಗೆದ್ರೆ ಸಾಕು, ಮುಖಕ್ಕೇ ಬಡಿಯುತ್ತೆ ಗಾಳಿ, ಅಷ್ಟು ಚೆನ್ನಾಗಿ — ಬೆರಳು ಅಲ್ಲೇ ನಿಂತಿತು, ಗೆರೆಯ ನಡುವೆ, ಫೋಟೋದಲ್ಲಿ ಕಿಟಕಿ ಕಾಣುತ್ತದೆ, ಗಾಳಿ ಕಾಣುತ್ತದೆಯೇ, ಭಾವ ಕೆಮ್ಮಿದರು, ಇವರು ತಟ್ಟೆಯಲ್ಲಿ ಏನನ್ನೋ ಕಳೆದುಕೊಂಡವರ ಹಾಗೆ ಹುಡುಕತೊಡಗಿದರು, ಆ ಭಾನುವಾರ ನೀವೂ ಅಲ್ಲಿಗೇ ಹೋಗಿದ್ರಾ ರೀ ಎಂದು ಇವರನ್ನೇ ಕೇಳಿದೆ, ಸುಮ್ನೆ ನೋಡ್ಕೊಂಡು ಬರೋಣ ಅಂತ, ನಿನಗೆ ಹೇಳಿದ್ರೆ ಬೇಜಾರು ಮಾಡ್ಕೊಳ್ತೀಯ ಅಂತ ಅತ್ತಿಗೆಯೇ ಅಂದ್ರು, ಭಾವನೂ ತಪ್ಪು ತಮ್ಮ ತಲೆಯ ಮೇಲೆ ಬಾರದಿರಲೆಂದು ಅಕ್ಕನ ಕಡೆ ತಿರುಗಿದರು, ಎರಡು ಅಡುಗೆಮನೆ ಇರೋ ಮನೆಯೇ ಆಗ್ಬೇಕು ಅಂತ ಹಟ ಹಿಡಿದವಳು ನೀನೇ ತಾನೇ, ಆರು ತಿಂಗಳಿಂದ ತಲೆ ತಿಂದಿದ್ದೀಯ, ಆರು ತಿಂಗಳು, ಹಾಗಾದರೆ ಕೊಳದಲ್ಲಿ ನನ್ನ ಪಕ್ಕ ಕಾಲು ಬಡಿಯುತ್ತಿದ್ದವಳ ತಲೆಯೊಳಗೆ, ಆ ಬಲ್ಬಿನೊಳಗೆ, ಆಗಲೇ ಎರಡು ಒಲೆ ಹೊತ್ತಿದ್ದವು.

ಟಕ್ ಎಂದಿತು, ಹೋಯಿತು, ಎಡಗಣ್ಣಿನ ಲೆನ್ಸನ್ನು ಬಲಗಣ್ಣಿನ ಅಳತೆಗೆ ತೇಯ್ದುಬಿಟ್ಟಿದ್ದೇನೆ, ಅಂಚು ಸೀಳಿದೆ, ಇಷ್ಟು ವರ್ಷದಲ್ಲಿ ಹೀಗೆ ಮಾಡಿದ್ದಿಲ್ಲ, ಚಕ್ರ ನಿಲ್ಲಿಸಿದೆ, ನಿಲ್ಲಿಸಿದ ಕೂಡಲೇ ಫೋನು ಕೇಳಿಸಿತು, ಎಷ್ಟು ಹೊತ್ತಿಂದ ಬಡಿದುಕೊಳ್ಳುತ್ತಿತ್ತೋ, ಅಕ್ಕ, ಒದ್ದೆ ಕೈಯಲ್ಲೇ ಎತ್ತಿದೆ, ಊಟ ತಗೊಂಡು ಹೋಗಿಲ್ವಲ್ಲೇ ನೀನು, ಡಬ್ಬಿ ಇಲ್ಲೇ ಇದೆ ಎಂದಳು, ಏನೂ ಆಗೇ ಇಲ್ಲವೆಂಬಂತೆ, ಹಸಿವಿಲ್ಲ ಅಂದೆ, ಅತ್ತ ಕಡೆ ನಲ್ಲಿಯ ಸದ್ದು, ಆಮೇಲೆ ನಲ್ಲಿ ನಿಂತಿತು, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ, ನೀನು ಬರೋಕೆ ಮೊದಲು ಸಕ್ಕರೆ ಡಬ್ಬ ಬಲಗಡೆ ಇರ್ತಿತ್ತು, ನೀನು ಬಂದ ವಾರಕ್ಕೆ ಎಡಗಡೆ ಹೋಯ್ತು, ನಿನ್ನ ಕೈ ಎಡಗಡೆಗೇ ಹೋಗೋದು ಅಂತ ನಾನು ಸುಮ್ಮನಿದ್ದೆ, ನಿನ್ನ ಅಡುಗೆ ಎಲ್ಲರಿಗೂ ಹಿಡಿಸ್ತು, ನಿನ್ನ ಭಾವನಿಗೂ, ನನಗೂ, ಸುಳ್ಳು ಹೇಳಲ್ಲ, ಆದ್ರೆ ಇವತ್ತಿಗೂ ಚಹಾ ಮಾಡೋವಾಗ ನನ್ನ ಕೈ ಮೊದಲು ಬಲಗಡೆ ಹೋಗುತ್ತೆ ಕಣೇ, ಖಾಲಿ ಜಾಗ ಮುಟ್ಟಿ ವಾಪಸ್ ಬರುತ್ತೆ, ನನಗೂ ವಯಸ್ಸಾಯ್ತು, ಇಟ್ಟದ್ದು ಇಟ್ಟ ಕಡೆ ಇರೋ ಒಂದು ಅಡುಗೆಮನೆ ಬೇಕು ಅನ್ನಿಸ್ತು, ಅಷ್ಟೇ, ಒಂದು ಮಾತು ಹೇಳಬಾರದಿತ್ತಾ ಅಕ್ಕಾ, ಡಬ್ಬ ಬಲಗಡೆಯೇ ಇಡ್ತಿದ್ದೆನಲ್ಲ ಅಂದೆ, ಅವಳು ತಡೆದು ತಡೆದು ಅಂದಳು, ಅದಕ್ಕೇ ಹೇಳಲಿಲ್ಲ, ಹೇಳಿದ್ರೆ ನೀನು ಬಲಗಡೆ ಇಡ್ತಿದ್ದೆ, ಆಮೇಲೆ ನಾನು ಬೇರೆ ಹೋಗೋಕೆ ಕಾರಣವೇ ಇರ್ತಿರಲಿಲ್ಲ. ಇದನ್ನು ಎಲ್ಲಿಡಲಿ, ಯಾವ ಕಡೆಗಿಡಲಿ ಈ ಮಾತನ್ನು, ಮತ್ತೆ ಕೊಳದಲ್ಲಿ ಯಾಕೆ ಹೂಂ ಅಂದೆ ಎಂದು ಕೇಳಿದೆ, ಅಲ್ಲಿ ನೀನು ಅಷ್ಟು ಖುಷಿಯಾಗಿದ್ದೆಯಲ್ಲ, ಬಾಯಿಗೆ ಬಂತು, ಅಂದುಬಿಟ್ಟೆ ಎಂದಳು, ಸರಿ, ನೀವು ಹೇಳೋದು ಸರಿ ಎಂದೆ, ಬೇಕೆಂದು ಅಂದದ್ದಲ್ಲ, ನಾಲಗೆ ತಾನಾಗಿ ಹಳೆಯ ಬಹುವಚನಕ್ಕೆ ಹೋಗಿ ನಿಂತಿತು, ಅವಳು ಸೌಟು ಎತ್ತಲಿಲ್ಲ, ಬೈಯಲಿಲ್ಲ, ಆಮೇಲೆ ಮೂಗು ಎಳೆದ ಸದ್ದು, ನಾನು ಫೋನು ಕೆಳಗಿಟ್ಟೆ.

ಹೋಗಬಾರದೇಕೆ, ಸಮಾಧಾನವಾಗಿ ಯೋಚಿಸಿದರೆ ಹೋಗಬಾರದೆನ್ನಲು ಏನಿದೆ, ಈ ಊರು ನನಗೇನು ಕೊಟ್ಟಿದೆ, ಬೆಳಿಗ್ಗೆ ಬಸ್ಸಿನಲ್ಲಿ ಯಾರದೋ ಬೆನ್ನಿಗೆ ಮುಖ ಒತ್ತಿ ನಿಲ್ಲುವುದು, ಒಣಹಾಕಿದ ಬಟ್ಟೆಗೆ ಪಕ್ಕದ ಕಟ್ಟಡದ ಹೊಗೆ, ಗೋಡೆಯಾಚೆ ಭಾವ ಮಗ್ಗುಲು ಬದಲಿಸಿದರೂ ಕೇಳಿಸುತ್ತದೆಂದು ನಾನು ಇವರ ಜೊತೆ ಜಗಳವನ್ನೂ ಪಿಸುಮಾತಿನಲ್ಲೇ ಆಡಿದವಳು, ಅಲ್ಲಿ ಬಾಗಿಲಿದೆ, ಮೆಟ್ಟಿಲಿದೆ, ಗಾಳಿಯಿದೆ, ಕೇಳಿದ್ದರೆ ಒಪ್ಪುತ್ತಿದ್ದೆ, ಅದೇ ಸುಡುವುದು, ಅಕ್ಕ ಕೊಳದ ಅಂಚಿನಲ್ಲಿ ನನ್ನ ಕಡೆ ತಿರುಗಿ ನನಗೆ ಹೋಗ್ಬೇಕು ಅನ್ನಿಸ್ತಿದೆ ಕಣೇ ಅಂದಿದ್ದರೆ ಒಂದು ವಾರ ಮುಖ ಊದಿಸಿಕೊಂಡಿರುತ್ತಿದ್ದೆ, ಆಮೇಲೆ ಅವಳಿಗಿಂತ ಮೊದಲು ನಾನೇ ಪಾತ್ರೆ ಕಟ್ಟುತ್ತಿದ್ದೆ, ಕೆಲಸ ಹೋದರೆ ಹೋಗಲಿ ಎಂದು, ಈಗ ಆ ಮನೆಯ ಪ್ರತಿಯೊಂದು ಬಾಗಿಲನ್ನೂ ಅವರು ಮೂವರು ನನಗಿಂತ ಮೊದಲು ತೆರೆದು ನೋಡಿದ್ದಾರೆ, ಕಿಟಕಿ ತೆಗೆದು ಅಬ್ಬಾ ಎಂದಿದ್ದಾರೆ, ಇವಳಿಗೆ ಇಷ್ಟ ಆಗುತ್ತೆ ಎಂದು ನನ್ನ ಬಗ್ಗೆ ಮಾತಾಡಿದ್ದಾರೆ, ರೈಲು ಹತ್ತುವ ಮೊದಲೇ ಯಾರು ಯಾವ ಸುಳ್ಳು ಹೇಳಬೇಕೆಂದು ಹಂಚಿಕೊಂಡಿದ್ದಾರೆ, ತಂಗಿಯ ಜ್ವರ ಅಕ್ಕನಿಗೆ, ಕಂಪ್ಯೂಟರು ಇವರಿಗೆ — ಪರದೆ ಸರಿಯಿತು, ಕೌಂಟರಿನ ಹುಡುಗಿ, ಗಿರಾಕಿ ಬಂದಿದ್ದಾರೆ ಆಂಟಿ, ಅಯ್ಯೋ, ಇದೇನು ಒಡೆದುಹೋಗಿದೆ, ನಾಳೆ ಬರೋಕೆ ಹೇಳು ಅಂದೆ, ಅವಳು ಹೋಗಿ ಹೇಳಿ ಮತ್ತೆ ಬಂದಳು, ನನ್ನ ಮುಖ ನೋಡಿದಳು, ಅವಳಿಗೊಂದು ಒಳ್ಳೆಯ ಗುಣವಿದೆ, ಕೇಳುವುದಿಲ್ಲ, ನಾನೇ ಕೇಳಿದೆ, ನಿನ್ನ ಜೊತೆಗಿದ್ದವಳು ಹೋಗ್ತಾಳೆ ಅಂದಿದ್ದೆಯಲ್ಲ, ಆ ಕೋಣೆಗೆ ಯಾರಾದ್ರೂ ಬಂದ್ರಾ, ಇಲ್ಲ ಆಂಟಿ, ಮಂಚ ಹಾಕಿದ್ರೆ ಮುಗೀತು, ಅಷ್ಟೇ ಜಾಗ, ಅಡುಗೆಮನೆ ಮಾತ್ರ ಇಬ್ಬರಿಗೂ ಸೇರಿ ಒಂದೇ, ಯಾಕೆ, ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ ಎಂದಳು, ಇದ್ದಾಳೆ ಒಬ್ಬಳು ಅಂದೆ, ಸಕ್ಕರೆ ಡಬ್ಬ ಎಲ್ಲಿಡ್ತೀಯ ನೀನು, ಅವಳು ಪೆಚ್ಚಾಗಿ ನಕ್ಕಳು, ಡಬ್ಬ ಎಲ್ಲಿದೆ ಆಂಟಿ, ಪೊಟ್ಟಣದಲ್ಲೇ ಇರುತ್ತೆ, ಇರುವೆ ಎಲ್ಲಿಲ್ಲವೋ ಅಲ್ಲಿ, ನನಗೂ ನಗು ಬಂತು, ಬಂದದ್ದು ನಗುವೇ ಹೌದೋ ಅಲ್ಲವೋ, ಅವಳು ಮುಖ ತಿರುಗಿಸಿ ಹೊರಗೆ ಹೋದಳು. ಇವರ ಫೋನು, ಏನಂದೆ ಅತ್ತಿಗೆಗೆ, ಅಳ್ತಾ ಕೂತಿದ್ದಾರೆ, ನೀನೂ ಅಳ್ತಿದ್ದೀಯಾ ಎಂದು ಕೇಳಲಿಲ್ಲ, ಏನಂದೆ ಎಂದು ಕೇಳಿದರು, ಸರಿ ಅಂದೆ, ಅಷ್ಟೇ ಅಂದದ್ದು ರೀ, ಮನೆಗೆ ಬಾ, ಕೂತು ಮಾತಾಡೋಣ, ಅಲ್ಲಿ ನಿನಗೂ ಏನಾದ್ರೂ ಕೆಲಸ ಸಿಗುತ್ತೆ, ಇಲ್ಲದಿದ್ರೆ ಆರಾಮಾಗಿರು, ನೀವು ಹೋಗಿ, ನಾನು ಇಲ್ಲೇ ಇರ್ತೀನಿ ಎಂದೆ, ಅಂದ ಮೇಲೆ ನನಗೇ ಗೊತ್ತಾಯಿತು ತೀರ್ಮಾನ ಆಗಿದೆಯೆಂದು, ತಲೆ ಸರಿ ಇದೆಯಾ, ಈ ಊರಲ್ಲಿ ನೀನೊಬ್ಬಳೇ, ನಿನ್ನ ಸಂಬಳದಲ್ಲಿ, ಹೇಗೆ ಎಂದರು, ಮೂರು ಜನ ಹೋಗಿ ನೋಡ್ಕೊಂಡು ಬಂದ್ರಲ್ಲ, ಮೂರು ಜನಕ್ಕೆ ಸರಿಯಾಗಿಯೇ ಇರುತ್ತೆ ಮನೆ ಎಂದೆ, ಒಮ್ಮೆ, ಒಂದೇ ಒಂದು ಸಲ ನಾನೂ ನಿನ್ನ ಜೊತೆ ಇರ್ತೀನಿ ಎಂದಿದ್ದರೆ, ಸುಳ್ಳಿಗಾದರೂ, ಸುಳ್ಳು ಹೇಳಲು ಬರುತ್ತದಲ್ಲ ಇವರಿಗೆ, ಕಾದೆ, ಸಂಜೆ ಮಾತಾಡೋಣ ಎಂದು ಇಟ್ಟರು. ಯಜಮಾನರು ಬಂದರು, ಒಡೆದ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದರು, ಬೈಯಲಿಲ್ಲ, ಹೋಗೋದು ಖಾತ್ರಿಯಾದ ಹಾಗಿದೆ, ಕೈ ಹೇಳ್ತಾ ಇದೆ ಎಂದರು, ಇಲ್ಲ ಸಾರ್, ಅವರು ಹೋಗ್ತಾರೆ, ನಾನು ಇರ್ತೀನಿ, ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಹೂಂ ಎಂದು ಹೊಸ ಲೆನ್ಸನ್ನು ಮುಂದಿಟ್ಟು ಹೋದರು. ಚಕ್ರ ಹಾಕಿದೆ, ಕಿರಕಿರ, ನೀರು, ಇನ್ನು ಏನೂ ಯೋಚಿಸಬೇಕಾದ್ದಿಲ್ಲ, ಸಂಜೆ ಹೋಗಿ ನನ್ನ ಬಟ್ಟೆ ಬೇರೆ ಮಾಡಬೇಕು, ಯಾವ ಪಾತ್ರೆಯನ್ನೂ ಕೇಳಬಾರದು, ಅಕ್ಕ ಅಡುಗೆಮನೆಯಲ್ಲೇ ಇರುತ್ತಾಳೆ, ನಾನು ಒಳಗೆ ಬಂದ ಸದ್ದಿಗೆ ತಿರುಗುತ್ತಾಳೆ, ಕೈ ಒರೆಸಿಕೊಳ್ಳುತ್ತಾಳೆ, ಏನನ್ನುತ್ತಾಳೆ, ಊಟ ಮಾಡು ಅನ್ನುತ್ತಾಳೆ, ಆಮೇಲೆ, ಆಮೇಲಿನದನ್ನು ನೋಡಲು ಹೋದರೆ ಮೇಜು ಬರುತ್ತದೆ, ಅವಳ ಮುಖ ನೋಡಲು ಹೋದರೂ ಮೇಜೇ, ಕಂಡೇ ಇರದ ಆ ಮನೆಯ ಕಿಟಕಿ ತೆಗೆಯಲು ಹೋದರೂ ಗಾಳಿಯಿಲ್ಲ, ಮೇಜು, ಚೆಲ್ಲಿದ ನೀರು, ನೀರಿನಲ್ಲಿ ಅರ್ಧ ಎಳೆದ ಗೆರೆ, ಅದರ ಮೇಲೆ ಅವಳ ಬೆರಳು, ಮುಂದಕ್ಕೂ ಹೋಗದೆ, ಎತ್ತಿಕೊಳ್ಳಲೂ ಆಗದೆ, ಬೆರಳು —