ಹೊಸ್ತಿಲಜ್ಜಿ

ಮಾವ ಕುರ್ಚಿ ಹತ್ತಿ ಚಿತ್ರವನ್ನು ಗೋಡೆಯಿಂದ ಇಳಿಸುತ್ತಿದ್ದಾಗ ತೀರಿಕೊಂಡವಳ ಮಗಳು ಹೂವಿನ ಬುಟ್ಟಿ ಹಿಡಿದು ಸಭಾಂಗಣದೊಳಗೆ ಬಂದಳು.

"ಮಾವ, ಅದನ್ನ ಅಲ್ಲೇ ಬಿಡಿ."

"ಏನು ಬಿಡೋದು? ಇನ್ನೇನು ನಿನ್ನಮ್ಮನ್ನ ಕರ್ಕೊಂಡು ಬರೋ ಹೊತ್ತು. ಸತ್ತವಳ ಫೋಟೊ ಪಕ್ಕದಲ್ಲಿ ದೆವ್ವದ ಪಟ ನೋಡಿ ಜನ ಏನಂತಾರೆ?"

ಮಾವ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದವರು. ಅಣ್ಣನ ದನಿಗೆ ಮಕ್ಕಳಿರಲಿ, ಮೈದಾನದ ಕಾಗೆಗಳೂ ಸಾಲಾಗಿ ನಿಲ್ಲುತ್ತವೆ ಎಂದು ಅಮ್ಮ ನಗುತ್ತಿದ್ದಳು. ಆದರೆ ಮಗಳು ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಎಂಜಿನ್ನುಗಳ ಆರ್ಭಟದ ನಡುವೆ ಕೆಲಸ ಮಾಡುವವಳಿಗೆ ಗಟ್ಟಿ ದನಿ ಹೊಸದಲ್ಲ. ಬುಟ್ಟಿ ಕೆಳಗಿಟ್ಟು, ಮಾವನ ಕೈಯಿಂದ ಚಿತ್ರ ತೆಗೆದುಕೊಂಡು, ಅದೇ ಮೊಳೆಗೆ ಮತ್ತೆ ಸಿಕ್ಕಿಸಿದಳು.

ಚಿತ್ರದಲ್ಲೊಂದು ಬಾಗಿಲು. ಹೊಸ್ತಿಲ ಮೇಲೆ ನಿಂತ ಮುದುಕಿಯ ತಲೆ ಮೇಲಿನ ಚೌಕಟ್ಟಿಗೆ ತಾಗಿ ಬಗ್ಗಿತ್ತು. ಬೇರುಗಳಂಥ ಬೆರಳುಗಳು ಎರಡೂ ಕಡೆಯ ಮರವನ್ನು ಅವುಚಿ ಹಿಡಿದಿದ್ದವು. ಮುಖ ಒರೆಸಿದ ಸ್ಲೇಟಿನಂತಿತ್ತು. ಕಣ್ಣಿಲ್ಲ, ಮೂಗಿಲ್ಲ, ಏನೋ ಕೇಳುತ್ತಿರುವ ಬಾಯಿ ಮಾತ್ರ.

ಮಾವ ಕುರ್ಚಿಯಿಂದಿಳಿದರು. ದನಿಯೂ ಇಳಿಯಿತು.

"ಅದು ನನ್ನ ತಾಯಿ ಕಣೇ. ನಿನ್ನಮ್ಮ ಹೆತ್ತ ತಾಯಿನ ದೆವ್ವ ಮಾಡಿ ಪುಸ್ತಕದಲ್ಲಿ ಹಾಕಿದಳು. ಆವತ್ತಿಂದ ನಾನು ನಿಮ್ಮ ಮನೆ ಮೆಟ್ಟಿಲು ತುಳಿದಿಲ್ಲ. ಇವತ್ತಾದ್ರೂ ಅದು ನನ್ನ ಕಣ್ಣಿಗೆ ಬೀಳೋದು ಬೇಡ."

ಮಗಳು ಚಿತ್ರಕ್ಕೆ ಅಡ್ಡ ನಿಂತಳು.

"ಅಮ್ಮ ಹೇಳೋಕೆ ಬಂದಾಗಲೆಲ್ಲ ನೀವು ಫೋನ್ ಇಟ್ಟುಬಿಟ್ರಿ. ಇವತ್ತು ಕೂತು ಕೇಳಿಸ್ಕೊಳ್ಳಿ. ಆಮೇಲೂ ಬೇಡ ಅಂದ್ರೆ ನಾನೇ ಇಳಿಸ್ತೀನಿ. ಅಮ್ಮ ಜೀವಮಾನವಿಡೀ ಮಾಡಿದ್ದು ಇದೇ ಕೆಲಸ. ಇದನ್ನ ಮುಚ್ಚಿಟ್ಟು, ಇನ್ಯಾರನ್ನೋ ಕಳಿಸಿಕೊಟ್ಟ ಹಾಗೆ ಅಮ್ಮನ್ನ ಕಳಿಸೋಕೆ ನನಗಾಗಲ್ಲ."

*

ಅಮ್ಮನ ಕೆಲಸವೇನೆಂದು ಒಂದೇ ಮಾತಲ್ಲಿ ಹೇಳುವುದು ಯಾವತ್ತೂ ಕಷ್ಟ. ಶಾಲೆಯಲ್ಲಿ ಕೇಳಿದಾಗ ಮಗಳು 'ಚಿತ್ರ ಬರೀತಾಳೆ' ಎಂದು ಹೇಳಿ ಪಾರಾಗುತ್ತಿದ್ದಳು. ನಿಜಕ್ಕೂ ಆಕೆ ದೆವ್ವಗಳನ್ನು ಕಟ್ಟುತ್ತಿದ್ದಳು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬರು ಕತೆ ನಡೆಸಿದರೆ ಉಳಿದವರು ಅದರೊಳಗಿನ ವೀರರೋ ಕಳ್ಳರೋ ಮಂತ್ರವಾದಿಗಳೋ ಆಗಿ, ದಾಳ ಉರುಳಿಸುತ್ತಾ ಆಡುವ ಆಟವೊಂದಿದೆ. ಆ ಆಟದ ಪುಸ್ತಕಗಳಿಗೆ ಬೇಕಾದ ಭೂತ, ಪಿಶಾಚಿ, ಶಾಪ ಹೊತ್ತ ಮೃಗಗಳೆಲ್ಲ ಇವರ ಅಡುಗೆಮನೆಯ ಮೇಜಿನ ಮೇಲೆ ಹುಟ್ಟುತ್ತಿದ್ದವು. ಒಲೆಯ ಮೇಲೆ ಅನ್ನ ಸೀದರೂ ಅಮ್ಮ ಒಂದು ಬಾಲ ಮುಗಿಸಿಯೇ ಏಳುತ್ತಿದ್ದಳು.

"ಹಲ್ಲು, ಉಗುರು ಯಾರು ಬೇಕಾದ್ರೂ ಬರೀತಾರೆ," ಎನ್ನುತ್ತಿದ್ದಳು. "ಯಾರು ಶಪಿಸಿದ್ರು, ಯಾಕೆ ಶಪಿಸಿದ್ರು, ಬಿಡುಗಡೆ ಹೇಗೆ, ಇಷ್ಟು ಗೊತ್ತಿಲ್ದೆ ಪೆನ್ಸಿಲ್ ಮುಟ್ಟಬಾರದು."

ಬಾಲ್ಯದಲ್ಲಿ ಕೇಳಿದ ಅಜ್ಜಿಕತೆಗಳ ಎಳೆ ಹಿಡಿದೇ ಎಲ್ಲವನ್ನೂ ನೇಯುತ್ತಿದ್ದಳು. ಸುಳ್ಳು ತೂಕ ಹಾಕಿದ ವ್ಯಾಪಾರಿ ಸತ್ತ ಮೇಲೆ ಕೈಗಳ ಜಾಗದಲ್ಲಿ ತಕ್ಕಡಿ ತಟ್ಟೆ ಹೊತ್ತು ಅಲೆಯುತ್ತಾನೆ. ಹಸಿದವನೊಬ್ಬ ತನ್ನ ಪಾಲಿನದೊಂದು ಹಿಡಿಯನ್ನು ಆ ತಟ್ಟೆಗೆ ಹಾಕಿದರೆ ಅವನಿಗೆ ಮುಕ್ತಿ. ಅಂಥವು.

ಅಜ್ಜಿ ಕೊನೆಗಾಲದಲ್ಲಿ ಇವರ ಮನೆಗೇ ಬಂದಿದ್ದಳು. ನೆನಪು ಪೂರ್ತಿ ಹೋಗಿತ್ತು. ಬೆಳಗಾದರೆ ಬಾಗಿಲಿಗೆ ಅಡ್ಡ ನಿಂತು, ಒಳಗಿನವರನ್ನು ಹೊರಗೆ ಬಿಡದೆ, ಹೊರಗಿನವರನ್ನು ಒಳಗೆ ಬಿಡದೆ ಕೇಳುತ್ತಿದ್ದಳು: "ಯಾರು ನೀನು?"

"ನಾನಮ್ಮ, ನಿನ್ನ ಮಗಳು," ಎನ್ನುತ್ತಿದ್ದಳು ಅಮ್ಮ.

"ಸುಳ್ಳಿ!" ಎಂದು ಅಜ್ಜಿ ಕಿರುಚುತ್ತಿದ್ದಳು. ಎಷ್ಟು ಸಲ ಹೇಳಿದರೆ ಅಷ್ಟು ಹೆದರುತ್ತಿದ್ದಳು, ಹೆದರಿದಷ್ಟೂ ಬಾಗಿಲನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ಮಾವ ಒಮ್ಮೆ ಬಂದು, ಆ ಕೂಗು ಕೇಳಿ, ತಂದ ಹಣ್ಣನ್ನು ಮೆಟ್ಟಿಲ ಮೇಲಿಟ್ಟು ಹಾಗೇ ತಿರುಗಿ ಹೋಗಿದ್ದರು. ತಾಯಿಯನ್ನು ಆ ಸ್ಥಿತಿಯಲ್ಲಿ ನೋಡುವ ಎದೆ ಅವರಿಗಿರಲಿಲ್ಲ.

ಒಂದು ದಿನ ಮಗಳಿಗೆ ಶಾಲೆಗೆ ಹೊತ್ತಾಗುತ್ತಿತ್ತು. ಅಜ್ಜಿ ಬಾಗಿಲಲ್ಲಿ. "ಯಾರು ನೀನು?"

ಅಮ್ಮ ಚೀಲ ಕೆಳಗಿಟ್ಟಳು. ತಾನು ಯಾರೆಂದು ಹೇಳಲೇ ಇಲ್ಲ.

"ನೀನು ಯಾರು ಗೊತ್ತಾ? ಮಕ್ಕಳು ದೊಡ್ಡವರಾದ ಮೇಲೆ ಸೈಕಲ್ ಕಲಿತ ಗಟ್ಟಿಗಿತ್ತಿ ನೀನು. ಯಾರೂ ಏಳೋ ಮುಂಚೆ ಮಗನ ಸೈಕಲ್ ತಗೊಂಡು ಹೋಗಿ ಚರಂಡಿಗೆ ಬಿದ್ದೆ. ಮಂಡಿ ತುಂಬ ರಕ್ತ, ಬಾಯಿ ತುಂಬ ನಗು."

ಅಜ್ಜಿ ತನ್ನ ಮಂಡಿ ನೋಡಿಕೊಂಡಳು. "ಹೌದಾ?" ಎಂದಳು. ಆಮೇಲೆ, ಬಹಳ ಆಸೆಯಿಂದ, "ಆಮೇಲೆ ಏನು ಮಾಡಿದೆ ನಾನು?"

ಕೈ ತಾನಾಗಿಯೇ ಚೌಕಟ್ಟಿನಿಂದ ಜಾರಿತ್ತು. ಮಗಳು ಅವಳ ಪಕ್ಕದಿಂದ ನುಸುಳಿ ಶಾಲೆಗೆ ಓಡಿದಳು.

ಅಜ್ಜಿ ತೀರಿಕೊಂಡ ಮೇಲೆ ಅಮ್ಮ ಹೊಸ್ತಿಲಜ್ಜಿಯನ್ನು ಬರೆದಳು. ಪುಸ್ತಕದ ಸಂಪಾದಕರು ಮನೆಗೇ ಬಂದು ಹೇಳಿದರು: "ಮೇಡಂ, ಆಡೋರಿಗೆ ಹೊಡೆದು ಗೆಲ್ಲಬೇಕು. ಚಿತ್ರ ಅದ್ಭುತ. ಈ ಬಿಡುಗಡೆ ಭಾಗ ಮಾತ್ರ ಉದ್ದ ಆಯ್ತು, ತೆಗೆದುಬಿಡೋಣ."

"ತೆಗೆದ್ರೆ ಅವಳು ಬರೀ ದೆವ್ವ ಆಗ್ತಾಳೆ."

"ದೆವ್ವವೇ ಅಲ್ವಾ?"

"ಅಲ್ಲ," ಎಂದಳು ಅಮ್ಮ, ಚಿತ್ರವನ್ನು ಅವರ ಮುಂದಿನಿಂದ ಎತ್ತಿಕೊಳ್ಳುತ್ತಾ. "ಹಾಕೋದಾದ್ರೆ ಪೂರ್ತಿ ಹಾಕಿ. ಇಲ್ಲಾಂದ್ರೆ ಟೀ ಕುಡಿದು ಹೋಗಿ."

ಸಂಪಾದಕರು ಟೀ ಕುಡಿದು ಹೋದರು. ಇನ್ನೊಂದು ಪುಸ್ತಕ ಅಮ್ಮನಿಲ್ಲದೆ ಬಂತು. ಅದರ ಮುಂದಿನದಕ್ಕೆ ಅವರೇ ಫೋನ್ ಮಾಡಿದರು: ಪೂರ್ತಿ ಹಾಕ್ತೀವಿ.

*

ಅಮ್ಮನನ್ನು ಸಭಾಂಗಣಕ್ಕೆ ತಂದು ಮಲಗಿಸಿದ್ದಾಯಿತು. ನೆಂಟರು ಒಂದು ಬದಿಗೆ, ವಾರವಾರ ಅಮ್ಮನ ಜೊತೆ ಆಡುತ್ತಿದ್ದವರು ಇನ್ನೊಂದು ಬದಿಗೆ ಕೂತರು. ಮಾವ ಚಿತ್ರಕ್ಕೆ ಬೆನ್ನು ಹಾಕಿಯೇ ಕೂತಿದ್ದರು.

ಮಗಳು ಕರೆದಾಗ ಆಟದ ಗುಂಪಿನಿಂದ ಬೇಕರಿಯವಳು ಎದ್ದಳು. ಕೈ ಎಲ್ಲಿಡಬೇಕೆಂದು ತೋಚದೆ ಸೆರಗಿಗೆ ಒರೆಸಿಕೊಂಡಳು.

"ನನಗೆ ಭಾಷಣ ಬರಲ್ಲ. ಈ ಪಟದಲ್ಲಿದಾಳಲ್ಲ, ಇವಳು ನಮ್ಮ ದಾರಿಗೆ ಅಡ್ಡ ಬಂದಿದ್ದನ್ನ ಹೇಳ್ತೀನಿ. ಮೊದಲು ಕತ್ತಿ ಎತ್ತಿದ್ವಿ. ಹೊಡೆದಷ್ಟೂ ಬೆಳೆದಳು. ಹೆಸರು ಹೇಳಿದ್ವಿ, ನಮ್ಮ ಹೆಸರೇ ನಮಗೆ ಮರೆತುಹೋಯ್ತು. ನಮ್ಮ ಗುಂಪಿನ ಕರೆಂಟ್ ಲೈನ್‌ಮನ್ ಅಂತೂ ರೇಗಿ ಎದ್ದು ಹೊರಟೇಬಿಟ್ಟಿದ್ರು."

"ಚಪ್ಪಲಿ ಹಾಕ್ಕೊಂಡಿದ್ದೆ," ಎಂದ ಲೈನ್‌ಮನ್ ಹಿಂದಿನಿಂದ.

"ಆಗ ಕತೆ ನಡೆಸ್ತಿದ್ದ ಅಕ್ಕ ಅಂದ್ರು, ನೀವು ಯಾರು ಅನ್ನೋದು ಅವಳಿಗೆ ಬೇಕಾಗಿಲ್ಲ, ಅವಳು ಯಾರು ಅಂತ ಹೇಳಿ. ನಮಗೇನು ಗೊತ್ತು? ಆಟದಲ್ಲೇ ವಾಪಸ್ ಹೋಗಿ, ಅವಳ ಕೇರಿಯಲ್ಲಿ ಮನೆಮನೆ ವಿಚಾರಿಸಿದ್ವಿ. ಆಮೇಲೆ ಬಾಗಿಲಿಗೆ ಬಂದು ಹೇಳಿದ್ವಿ. ಅಜ್ಜಿ, ನೀನು ಮಗನ ಸೈಕಲ್ ಕದ್ದು ಕಲಿತವಳು. ಚರಂಡಿಗೆ ಬಿದ್ದು ಹ್ಯಾಂಡಲ್ ಸೊಟ್ಟ ಮಾಡಿದವಳು. ಮಗ ಎದ್ದು ಕೇಳಿದಾಗ ನಿದ್ದೆ ಬಂದವಳ ಹಾಗೆ ಮಲಗಿಬಿಟ್ಟವಳು."

ಮಾವ ಥಟ್ಟನೆ ತಲೆ ಎತ್ತಿದರು.

"ಏನಂದೆ?"

ಬೇಕರಿಯವಳು ಬೆಚ್ಚಿದಳು. "ಹ್ಯಾಂಡಲ್ ಸೊಟ್ಟ..."

"ಅದು ಅಮ್ಮನಾ?" ಮಾವ ಎದ್ದೇ ನಿಂತಿದ್ದರು. "ಆ ಹ್ಯಾಂಡಲ್ ಸೊಟ್ಟ ಮಾಡಿದ್ದು ಅಮ್ಮನಾ? ನಾನು ಇವಳು ಅಂದ್ಕೊಂಡು..." ಮಲಗಿದ್ದ ತಂಗಿಯ ಕಡೆ ಕೈ ತೋರಿಸಿದರು. "ಇವಳ ಬೆನ್ನಿಗೆ ಎರಡು ಬಿಟ್ಟೆ. ತಪ್ಪಾಯ್ತು ಅಂದಳಲ್ಲ ಇವಳು!"

ನೆಂಟರಲ್ಲೊಬ್ಬರಿಗೆ ನಗು ತಡೆಯಲಾಗಲಿಲ್ಲ. ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಮಾವ ನಗಲಿಲ್ಲ. ಗೋಡೆಯ ಕಡೆ ತಿರುಗಿ ಕಣ್ಣಿಲ್ಲದ ಮುಖವನ್ನು ಬಹಳ ಹೊತ್ತು ನೋಡಿದರು.

"ಆಮೇಲೆ?" ಬೇಕರಿಯವಳನ್ನು ಕೇಳಿದರು. "ಅಮ್ಮ ಏನಂದಳು?"

"ಪಕ್ಕಕ್ಕೆ ಸರಿದು, ಒಳಗೆ ಬನ್ನಿ ಅಂದಳು."

ಮಾವ ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡು ಕೂತರು.

*

ಸ್ಮಶಾನದಿಂದ ಬಂದ ಸಂಜೆ ಆಟದವರು ಹೊರಡಲೆಂದು ಮನೆಯ ಅಂಗಳದಲ್ಲಿ ನಿಂತಿದ್ದಾಗ ಮಗಳು ಹೇಳಿದಳು:

"ಇವತ್ತು ಆಟದ ದಿನ ಅಲ್ವಾ? ಆಡೋಣ."

"ಇವತ್ತಾ? ಕತೆ ನಡೆಸೋರು ಯಾರು?" ಎಂದಳು ಬೇಕರಿಯವಳು.

"ನಾನು."

"ನಿಂಗೆ ಬರುತ್ತಾ?"

"ಎಂಜಿನ್ ಬಿಚ್ಚೋದೂ ಮೊದಲ ದಿನ ಬರ್ತಿರ್ಲಿಲ್ಲ. ಅಮ್ಮ ಆರಂಭಿಸಿದ ಕತೆ ಅರ್ಧಕ್ಕೆ ನಿಂತಿದೆ. ಅಲ್ಲಿಗೇ ನಿಲ್ಲೋಕೆ ನಾನು ಬಿಡಲ್ಲ. ತಪ್ಪಾದ್ರೆ ತಿದ್ದಿ."

ಅಡುಗೆಮನೆಯ ಮೇಜಿನ ಸುತ್ತ ಕೂತರು. ಅಮ್ಮನ ಕುರ್ಚಿ ಅವಳಿಗೆ ತಗ್ಗಾಯಿತು; ದಿಂಬು ಹಾಕಿಕೊಂಡಳು. ಮಾವ ಬಾಗಿಲ ಬಳಿ ಚಪ್ಪಲಿ ಕೈಯಲ್ಲಿ ಹಿಡಿದು, ಹೋಗಲೂ ಆಗದೆ ಕೂರಲೂ ಆಗದೆ ನಿಂತಿದ್ದರು. ಲೈನ್‌ಮನ್ ಸ್ಟೂಲ್ ಎಳೆದು ಕೊಟ್ಟ.

"ಬನ್ನಿ ಸರ್. ಕಾವಲುಗಾರನ ಪಾತ್ರ ಖಾಲಿ ಇದೆ."

"ನಂಗೇನು ಬರುತ್ತಯ್ಯಾ ಇದೆಲ್ಲ," ಎನ್ನುತ್ತಲೇ ಕೂತರು.

ಮಗಳು ಶುರುಮಾಡಿದಳು. ಮೊದಮೊದಲು ತಡವರಿಸಿದಳು, ಹಿಂದೆ ಹೋಗಿ ಸರಿಪಡಿಸಿದಳು, ಮುಂದುವರಿದಳು. ಹೊಳೆ ದಾಟುವಲ್ಲಿ ಬೆನ್ನ ತುಂಬ ಗಂಟೆ ಹೊತ್ತ ಮೃಗವೊಂದು ಎದುರಾಯಿತು. ಬೇಕರಿಯವಳು ಕತ್ತಿಗೆ ಕೈ ಹಾಕಿದಳು.

"ತಾಳಮ್ಮ!" ಮಾವನ ಮೈದಾನದ ದನಿಗೆ ಡಬ್ಬಿಗಳು ಅದುರಿದವು. "ಮೊದಲು ಯಾರು, ಏನು ಅಂತ ವಿಚಾರಿಸೋಣ."

"ವಿಚಾರಿಸೋದಾದ್ರೆ ದಾಳ ಹಾಕಿ, ಮಾವ."

ಮಾವ ಇಪ್ಪತ್ತು ಮುಖದ ದಾಳವನ್ನು ಗುಂಡು ಎಸೆಯುವವರಂತೆ ಎಸೆದರು. ಅದು ಮೇಜಿನಂಚು ಹಾರಿ, ಒಲೆಯ ಕಟ್ಟೆಗೆ ಬಡಿದು, ಪಾತ್ರೆ ಕಪಾಟಿನ ಅಡಿಗೆ ಉರುಳಿತು. ಸಾವಿನ ಮನೆಯ ಬಟ್ಟೆಯಲ್ಲಿದ್ದ ಅಷ್ಟೂ ಜನ ನೆಲಕ್ಕೆ ಮಂಡಿಯೂರಿದರು. ಯಾರೋ ಮೊಬೈಲ್ ಬೆಳಕು ಬಿಟ್ಟರು.

"ಮುಟ್ಟಬೇಡಿ, ಮುಟ್ಟಬೇಡಿ! ಎಷ್ಟು ಬಿದ್ದಿದೆ ಮೊದಲು ನೋಡಿ!"

ಮಾವ ಕನ್ನಡಕ ಹಣೆಗೇರಿಸಿ, ಕೆನ್ನೆಯನ್ನು ತಣ್ಣನೆ ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ಧೂಳು ತುಂಬಿದ ಆ ಕತ್ತಲೊಳಗೆ ಇಣುಕಿದರು.