ಒಂದು ಮನೆ ಹತ್ತಿರದ ರಾಜ

ಮೂರು ದಿನದಿಂದ ನನಗೊಂದು ಸಣ್ಣ ಕೊರಗು. ನನ್ನ ಚೀಲದ ಒಳಜೇಬಿನಲ್ಲಿ ಮೇಷ್ಟ್ರ ಹಾಳೆಯೊಂದಿದೆ. ಅದು ಅಲ್ಲಿರುವುದು ನನಗೊಬ್ಬಳಿಗೇ ಗೊತ್ತು.

ಮೇಷ್ಟ್ರು ಗಣಿತ ಕಲಿಸಿ ನಿವೃತ್ತರಾದವರು. ಹತ್ತೊಂಬತ್ತು ವರ್ಷಗಳಿಂದ ನಮ್ಮ ವಾರಪತ್ರಿಕೆಗೆ ಚದುರಂಗದ ಸಮಸ್ಯೆ ಬರೆಯುತ್ತಿದ್ದಾರೆ. ಕರಡು ತಿದ್ದುವ ನಾನೇ ಅವರ ಪೆನ್ಸಿಲ್ ಚಿತ್ರ ನೋಡಿಕೊಂಡು ಕಂಪ್ಯೂಟರಿನಲ್ಲಿ ಮಣೆ ಬರೆಯುವವಳು.

ಕಳೆದ ವಾರದ್ದು ಚಂದದ ಸಮಸ್ಯೆ. ಬಿಳಿಯ ಮೂರು ಕಾಲಾಳು ಸಾಲಾಗಿ. ಎದುರಿಗೆ ಒಂದು ಮನೆ ಬಿಟ್ಟು ಕಪ್ಪಿನ ಮೂರು. ನೋಡಿದರೆ ದಾರಿಯೇ ಇಲ್ಲ. ಆದರೆ ನಡುವಿನದನ್ನು ಬಲಿ ಕೊಟ್ಟು, ಹಿಂದೆಯೇ ಬದಿಯ ಒಂದನ್ನೂ ಕೊಟ್ಟರೆ, ಉಳಿದ ಒಂದಕ್ಕೆ ದಾರಿ ತೆರೆಯುತ್ತದೆ. ಅದು ಓಡಿಹೋಗಿ ಮಂತ್ರಿಯಾಗುತ್ತದೆ. ಕಪ್ಪು ರಾಜ ದೂರವಿರಬೇಕು, ಅಷ್ಟೇ.

"ಬದಿಯದನ್ನ ಮೊದಲು ಮುಟ್ಟಿದ್ಯೋ, ಕೆಟ್ಟೆ," ಎಂದಿದ್ದರು ಮೇಷ್ಟ್ರು, ಹಾಳೆ ಕೊಟ್ಟು ನನ್ನಿಂದಲೇ ಬಿಡಿಸುವಾಗ. "ನೀನಂತೂ ಯಾವಾಗ್ಲೂ ಬದಿಯಿಂದಲೇ ಶುರು ಮಾಡೋಳು!"

ಆ ರಾಜನನ್ನು ನಾನು ಚಿತ್ರದಲ್ಲಿ ಒಂದು ಮನೆ ಹತ್ತಿರ ಕೂರಿಸಿಬಿಟ್ಟಿದ್ದೆ. ಅಲ್ಲಿಂದ ಅವನು ಓಡುವ ಕಾಲಾಳನ್ನು ಹಿಡಿದೇ ಹಿಡಿಯುತ್ತಾನೆ. 'ಗೆಲುವು ಎಲ್ಲಿದೆ ಸ್ವಾಮಿ?' ಎಂದು ಓದುಗರೊಬ್ಬರ ಪತ್ರ ಬಂತು. ತಪ್ಪು ಮೇಷ್ಟ್ರದೇ ಎಂದುಕೊಂಡು ಸಂಪಾದಕರು ಅದನ್ನು ಅವರಿಗೂ ಓದಿ ಹೇಳಿದರು. ಅಚ್ಚಾದ ಮೇಲೆ ಮೂಲ ಹಾಳೆಗಳು ರದ್ದಿಗೆ ಹೋಗುವುದು ನಮ್ಮಲ್ಲಿ ರೂಢಿ. ಪತ್ರ ಓದಿದ ಕೂಡಲೇ ರದ್ದಿ ಕೆದಕಿ ಹಾಳೆ ಹುಡುಕಿದೆ. ಮೇಷ್ಟ್ರ ರಾಜ ದೂರದಲ್ಲೇ ಇದ್ದ. ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಇವತ್ತು ಮಧ್ಯಾಹ್ನ ಮೇಷ್ಟ್ರು ಬಂದರು. ಸಂಪಾದಕರ ಮೇಜಿನ ಮೇಲೆ ಒಂದು ಚೀಟಿ ಇಟ್ಟರು. ಅಂಕಣ ನಿಲ್ಲಿಸುವುದಾಗಿ ಎರಡೇ ಸಾಲು.

"ಒಂದು ತಪ್ಪಿಗೆ ಸನ್ಯಾಸವಾ ಮೇಷ್ಟ್ರೇ? ಹಾಗಾದ್ರೆ ನಾನು ಹಿಮಾಲಯದಲ್ಲೇ ಮನೆ ಮಾಡ್ಬೇಕಿತ್ತು," ಎಂದು ಸಂಪಾದಕರು ನಕ್ಕರು.

ಮೇಷ್ಟ್ರು ನಗಲಿಲ್ಲ. "ಕಣ್ಮುಚ್ಚಿದ್ರೆ ಆ ರಾಜ ದೂರಾನೇ ಕಾಣ್ತಾನೆ ಕಣಯ್ಯಾ. ಕೈ ಮಾತ್ರ ಹತ್ತಿರ ಬರೆದಿದೆ. ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು. ಮೊದಲು ಲೆಕ್ಕ ತಪ್ತು, ಆಮೇಲೆ ಮನೆ ದಾರಿ. ಕೊನೇಗೆ ನನ್ನ ಹೆಸರೂ ಮರೆತುಹೋಯ್ತು."

ಅವರ ಬೆರಳು ಚೀಟಿಯ ಅಂಚನ್ನು ಮತ್ತೆ ಮತ್ತೆ ನೇವರಿಸುತ್ತಿತ್ತು. ನಾನು ಎದ್ದು ನಿಂತೆ.

"ಮೇಷ್ಟ್ರೇ, ನೀರು ಕೊಡ್ಲಾ?"

"ಬೇಡಮ್ಮ."

"ಅವತ್ತು ಪುಟ ತಡವಾಗಿತ್ತು... ಈ ಕಂಪ್ಯೂಟರೂ ಹಳೇದು..."

"ಅದಕ್ಕೇನೀಗ?" ಎಂದರು ಸಂಪಾದಕರು.

ಮೇಷ್ಟ್ರು ತಲೆಯೆತ್ತಿ ನನ್ನನ್ನು ನೋಡಿದರು, ನಾನು ತಪ್ಪು ಕಾಲಾಳಿನ ಮೇಲೆ ಬೆರಳಿಟ್ಟಾಗ ನೋಡುವ ಹಾಗೆ. ಚೀಲ ತೆರೆದು ಹಾಳೆಯನ್ನು ಅವರ ಚೀಟಿಯ ಮೇಲೆ ಬಿಡಿಸಿಟ್ಟೆ.

"ನಿಮ್ಮ ಕೈ ತಪ್ಪಿಲ್ಲ ಮೇಷ್ಟ್ರೇ. ರಾಜನನ್ನ ತಪ್ಪು ಮನೇಲಿ ಇಟ್ಟಿದ್ದು ನಾನು."