ಚನ್ನಪಟ್ಟಣದ ನಳಿಗೆ, ಡಾಕ್ಟರ ಬಲಗಿವಿ

ನಾನು ಒಂದು ಮರದ ನಳಿಗೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಡಾಕ್ಟರರು ನನ್ನಂಥವರ ಒಂದು ತುದಿಯನ್ನು ರೋಗಿಯ ಎದೆಗೂ ಇನ್ನೊಂದನ್ನು ತಮ್ಮ ಕಿವಿಗೂ ಇಟ್ಟು ಗುಂಡಿಗೆಯ ಬಡಿತ ಕೇಳುತ್ತಿದ್ದರು. ಪಲ್ಟನ್ನಿನ ಡಾಕ್ಟರ್ ಪಿಲ್ಬೀಮ್ ಸಾಹೇಬರ ಹಳೆಯ ನಳಿಗೆ ಮುರಿದಿತ್ತು. ಅವರು ಬರೆದುಕೊಟ್ಟ ಚಿತ್ರ ನೋಡಿ, ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಖಾದರ್ ಸಾಬಿ ನನ್ನನ್ನು ಹಾಲೆ ಮರದಲ್ಲಿ ಕಡೆದ. ಸಾಹೇಬರ ಮಗುವಿನ ಪೀಪಿ ಇರಬೇಕೆಂದುಕೊಂಡು ಕೆಂಪು, ಹಳದಿ ಅರಗಿನ ಪಟ್ಟೆಗಳನ್ನೂ ಹಾಕಿದ. ಸಾಹೇಬರು ನಕ್ಕು ನನ್ನನ್ನು ಜೇಬಿಗಿಳಿಸಿದರು. ನನಗಂತೂ ಆ ಬಣ್ಣ ಬಲು ಇಷ್ಟ.

ಸಾಹೇಬರ ಗುಟ್ಟು ನನಗೆ ಬೇಗ ತಿಳಿಯಿತು. ಹಿಂದೊಂದು ಯುದ್ಧದಲ್ಲಿ ಫಿರಂಗಿಯ ಪಕ್ಕದಲ್ಲೇ ಕೂತು ಗಾಯ ಕಟ್ಟುತ್ತಿದ್ದಾಗ ಅವರ ಬಲಗಿವಿ ಕಿವುಡಾಗಿತ್ತು. ಗೊತ್ತಾದರೆ ಪಲ್ಟನ್ನಿನಿಂದ ಬಿಡಿಸುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ನನ್ನನ್ನು ಎಡಗಿವಿಗೇ ಇಡುತ್ತಿದ್ದರು.

ಬರ್ಮಾ ಯುದ್ಧದಲ್ಲಿ ಬೋರಲಿಂಗನೆಂಬ ಸಿಪಾಯಿ ಜ್ವರದಿಂದ ಮಲಗಿದ. ಉಸಿರು ಕಾಣುತ್ತಿರಲಿಲ್ಲ. ಅಂದು ದೊಡ್ಡ ಡಾಕ್ಟರು ತಪಾಸಣೆಗೆ ಬಂದು ಎದುರಿಗೇ ನಿಂತಿದ್ದರು. ಸಾಹೇಬರಿದ್ದ ಮಗ್ಗುಲಿನಿಂದ ಎಡಗಿವಿ ಇಡಬೇಕಾದರೆ ಮೈ ತಿರುಚಿ ಬಾಗಬೇಕಿತ್ತು. ಅದನ್ನು ಕಂಡು ದೊಡ್ಡ ಡಾಕ್ಟರಿಗೆ ಅನುಮಾನ ಬಾರದಿರಲೆಂದು ಸಾಹೇಬರು ನನ್ನನ್ನು ಬಲಗಿವಿಗೆ ಇಟ್ಟರು.

"ಮುಗಿಯಿತು," ಎಂದರು.

ಮುಗಿದಿರಲಿಲ್ಲ! ಆ ಗುಂಡಿಗೆ ನನ್ನೊಳಗೆ ಮೆಲ್ಲಗೆ ಬಡಿಯುತ್ತಿತ್ತು. ನನಗೆ ಬಾಯಿಯಿಲ್ಲ. ಅಷ್ಟು ಸಂಕಟ ನಾನು ಇನ್ನೆಂದೂ ಪಟ್ಟಿಲ್ಲ.

ಗಾಯ ಕಟ್ಟುವ ಪುಟ್ಟಮಾದಯ್ಯ ಎಲ್ಲ ನೋಡುತ್ತಿದ್ದ. ಸಾಹೇಬರು ಯಾವಾಗಲೂ ಎಡಗಿವಿಯನ್ನೇ ಇಡುವುದನ್ನು ಅವನು ಗಮನಿಸಿದ್ದ. ಅವನು ಕೈಮುಗಿದು ಹೇಳಿದ: "ಬುದ್ಧೀ, ಈ ಬೊಂಬೆ ಪೀಪಿ ಆ ಕಡೆಯಿಂದ ಸರ್ಯಾಗಿ ಕೇಳ್ಸಾಕಿಲ್ಲ. ಈ ಮಗ್ಗುಲಿಗೆ ಬಂದು ಇನ್ನೊಂದ್ ಕಿತ ನೋಡ್ಬುಡಿ."

ಸಾಹೇಬರ ಮುಖ ಕೆಂಪಾಯಿತು. ಮಗ್ಗುಲು ಬದಲಿಸಿ ಎಡಗಿವಿಗಿಟ್ಟರು. "ಬದುಕಿದ್ದಾನೆ! ಬೇಗ ಬ್ರಾಂದಿ ತನ್ನಿ!" ಎಂದು ಕೂಗಿದರು.

"ಆ ಆಟದ ಸಾಮಾನು ಬಿಸಾಡಿ," ಎಂದರು ದೊಡ್ಡ ಡಾಕ್ಟರು. ಒಂದು ಜೀವ ಉಳಿದಿತ್ತು. ಬೈಗುಳ ನನ್ನ ಪಾಲಿಗೇ ಇರಲಿ ಎಂದುಕೊಂಡೆ.

ಸಾಹೇಬರು ಮಾತ್ರ ಸುಮ್ಮನಾಗಲಿಲ್ಲ. "ತಪ್ಪು ಇದರದಲ್ಲ, ನನ್ನ ಕಿವಿಯದು," ಎಂದು ಅಲ್ಲೇ ಒಪ್ಪಿಕೊಂಡರು. ಕೆಲಸ ಹೋಯಿತು. ಬೆಂಗಳೂರು ದಂಡಿನಲ್ಲಿ ಸಣ್ಣ ದವಾಖಾನೆ ತೆರೆದು, ಎಡಗಿವಿ ಒಂದನ್ನೇ ನಂಬಿ, ಬಹಳ ವರ್ಷ ಸುಖವಾಗಿದ್ದರು. ಸ್ವದೇಶಕ್ಕೆ ಹೊರಟಾಗ ನನ್ನನ್ನು ಬೋರಲಿಂಗನ ಕೈಗಿತ್ತರು.

ಈಗ ಅವನ ಮನೆಯ ಗೂಡಿನಲ್ಲಿದ್ದೇನೆ. ಅರಗು ಅಲ್ಲಲ್ಲಿ ಉದುರಿದೆ. ಮೊಮ್ಮಕ್ಕಳು ನನ್ನನ್ನು ಊದುತ್ತಾರೆ, ಆಮೇಲೆ ತಾತನ ಎದೆಗಿಟ್ಟು ಬಡಿತ ಕೇಳುತ್ತಾರೆ. ಮನೆಗೊಂದು ಕಟ್ಟಳೆಯಿದೆ. ಒಂದು ಕಿವಿಗೆ ಕೇಳದಿದ್ದರೆ ಅಳುವಂತಿಲ್ಲ, ಇನ್ನೊಂದನ್ನೂ ಇಟ್ಟು ನೋಡಬೇಕು.